ಖಾತೆಯ ಅಂಚಿನ ಗುರುತು

ಕೃಷ್ಣಾ ನದಿಯ ದಕ್ಷಿಣದ ಬಯಲಿನಲ್ಲಿರುವ ತೇರದಾಳವು ಜಿನಧರ್ಮಕ್ಕೂ ವ್ಯಾಪಾರಕ್ಕೂ ಏಕಕಾಲದಲ್ಲಿ ನೆಲೆಯಾಗಿ ಬಂದ ಪಟ್ಟಣ. ಶಕವರ್ಷ ೧೦೪೫ರಲ್ಲಿ, ಎಂದರೆ ಕ್ರಿ.ಶ. ೧೧೨೩ರಲ್ಲಿ, ಮಾಂಡಲಿಕನಾದ ಗೊಂಕನು ಇಲ್ಲಿ ನೇಮಿನಾಥ ತೀರ್ಥಂಕರರ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಇಲ್ಲಿನ ಶಾಸನವು ತಿಳಿಸುತ್ತದೆ. ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರ ಹೆಸರು ಆ ದತ್ತಿಯೊಡನೆ ಬೆಸೆದುಕೊಂಡಿದೆ. ತೇರದಾಳದ ಶಾಸನಗಳಲ್ಲಿ ಅರಸರು, ಆಚಾರ್ಯರು ಮಾತ್ರವಲ್ಲದೆ ಅಯ್ಯಾವೊಳೆಯ ವರ್ತಕ ಸಂಘದವರೂ ಕಾಣಿಸಿಕೊಳ್ಳುತ್ತಾರೆ. ಬಸದಿಯ ದೀಪವು ಪೇಟೆಯ ಎಣ್ಣೆಯಿಂದ ಉರಿಯಿತು; ಪೇಟೆಯ ತಕ್ಕಡಿಯು ಬಸದಿಯ ಭಯದಿಂದ ನೆಟ್ಟಗೆ ನಿಂತಿತು. ಒಂಬೈನೂರು ವರ್ಷಗಳ ಈ ಸಂಬಂಧದಲ್ಲಿ ವ್ಯಾಪಾರಿಯ ಮುಂದೆ ಇದ್ದ ಪ್ರಶ್ನೆ ಒಂದೇ: ಎದುರಿಗೆ ನಿಂತವನನ್ನು ಎಷ್ಟು ನಂಬಬೇಕು?

ಇಂದು ಆ ಪ್ರಶ್ನೆಗೆ ಉತ್ತರ ಹೇಳುವ ಕೆಲಸವನ್ನು ಗಣಕಯಂತ್ರಗಳಿಗೆ ವಹಿಸಲಾಗಿದೆ. ಅರಿಷಿಣದ ಅಡತಿಯಿರಲಿ, ಸೀರೆಯ ಅಂಗಡಿಯಿರಲಿ, ಹಣವೀಗ ಕಣ್ಣಿಗೆ ಕಾಣದೆ ಸಂಚರಿಸುತ್ತದೆ. ೨೦೧೬ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ ೨೦೨೫ರ ಆಗಸ್ಟ್ ತಿಂಗಳೊಂದರಲ್ಲೇ ೨,೦೦೦ ಕೋಟಿಗೂ ಮಿಕ್ಕಿ ವ್ಯವಹಾರಗಳು ನಡೆದವು. ಹಣದ ದಾರಿ ಸಲೀಸಾದಂತೆ ಕಳ್ಳನ ದಾರಿಯೂ ಸಲೀಸಾಯಿತು. ಕೇಂದ್ರ ಸರ್ಕಾರವು ಸಂಸತ್ತಿಗೆ ಕೊಟ್ಟ ಲೆಕ್ಕದಂತೆ, ಸೈಬರ್ ವಂಚನೆಯಿಂದ ಜನರು ಕಳೆದುಕೊಂಡ ಹಣ ೨೦೨೩ರಲ್ಲಿ ೭,೪೬೫ ಕೋಟಿ ರೂಪಾಯಿಗಳಿದ್ದುದು ೨೦೨೪ರಲ್ಲಿ ೨೨,೮೪೫ ಕೋಟಿ ರೂಪಾಯಿಗಳಿಗೆ ಏರಿತು. ಇಷ್ಟೊಂದು ವ್ಯವಹಾರಗಳನ್ನು ಮನುಷ್ಯರು ಕುಳಿತು ಪರಿಶೀಲಿಸುವುದು ಅಸಾಧ್ಯ. ಆದುದರಿಂದ ಬ್ಯಾಂಕುಗಳು ಪ್ರತಿಯೊಂದು ವ್ಯವಹಾರಕ್ಕೂ, ಪ್ರತಿಯೊಂದು ಖಾತೆಗೂ ಅಪಾಯದ ಅಂಕವನ್ನು ಕೊಡುವ ಯಂತ್ರಗಳನ್ನು ನೆಚ್ಚಿಕೊಂಡಿವೆ. ಅಂಕ ಮಿತಿಯನ್ನು ಮೀರಿದರೆ ಹಣ ನಿಲ್ಲುತ್ತದೆ. ಒಮ್ಮೊಮ್ಮೆ ಖಾತೆಯೇ ನಿಲ್ಲುತ್ತದೆ.

ಇದು ಬ್ಯಾಂಕಿನ ತಾಂತ್ರಿಕ ವಿಷಯವೆಂದು ಶ್ರಾವಕರು ಸುಮ್ಮನಿರಲಾಗದು. ಒಬ್ಬನನ್ನು ಕಳ್ಳನಿರಬಹುದೆಂದು ಎಣಿಸುವುದು ಧರ್ಮದ ವಿಷಯ. ಆ ಎಣಿಕೆಯನ್ನು ಯಂತ್ರ ಮಾಡಿತೆಂಬ ಕಾರಣಕ್ಕೆ ಅದು ಧರ್ಮದ ಎಲ್ಲೆಯಿಂದ ಹೊರಗೆ ಹೋಗುವುದಿಲ್ಲ.

ಒಂದು ಅಂಗಡಿಯ ಸಂಗತಿ

ತೇರದಾಳದ ಪೇಟೆಯಲ್ಲಿ ಮೂರು ತಲೆಮಾರುಗಳಿಂದ ವಸ್ತ್ರವ್ಯಾಪಾರ ಮಾಡುತ್ತ ಬಂದ ಶ್ರಾವಕರೊಬ್ಬರಿದ್ದಾರೆ. ನೇಕಾರರಿಗೆ ನೂಲು ಕೊಟ್ಟು, ಸೀರೆ ನೇಯಿಸಿ, ಪರಸ್ಥಳದ ವ್ಯಾಪಾರಿಗಳಿಗೆ ಮಾರುವುದು ಅವರ ಉದ್ಯೋಗ. ಮಗನು ದೊಡ್ಡವನಾದ ಮೇಲೆ ದೂರವಾಣಿಯಲ್ಲಿಯೇ ಸೀರೆಗಳ ಚಿತ್ರ ಕಳುಹಿಸಿ ಗಿರಾಕಿಗಳನ್ನು ಹುಡುಕುವ ಕ್ರಮ ಬೆಳೆಯಿತು. ಹಬ್ಬದ ದಿನಗಳು ಸಮೀಪಿಸಿದರೆ ನಾಲ್ಕಾರು ರಾಜ್ಯಗಳಿಂದ, ಹೆಸರೂ ಕೇಳದ ಜನರಿಂದ, ಸಣ್ಣ ದೊಡ್ಡ ಮೊತ್ತಗಳು ಖಾತೆಗೆ ಬಂದು ಬೀಳುತ್ತವೆ. ವಾರದ ಕೊನೆಯಲ್ಲಿ ನೇಕಾರರ ಬಟವಡೆ. ಬಂದ ಹಣದ ಹೆಚ್ಚಿನ ಭಾಗ ಅಂದೇ ಹೊರಗೆ ಹೋಗುತ್ತದೆ.

ದಶಲಕ್ಷಣ ಪರ್ವದ ಮೂರನೆಯ ದಿನ, ಉತ್ತಮ ಆರ್ಜವದ ಪೂಜೆ ಮುಗಿಸಿ ಅಂಗಡಿಗೆ ಬಂದಾಗ, ಖಾತೆಯಿಂದ ಒಂದು ರೂಪಾಯಿಯನ್ನೂ ತೆಗೆಯಲಾಗುತ್ತಿಲ್ಲವೆಂದು ಮಗ ತಿಳಿಸಿದ. ಆರು ಲಕ್ಷಕ್ಕೂ ಮೇಲ್ಪಟ್ಟ ಹಣ ಖಾತೆಯಲ್ಲಿತ್ತು. ಹಿರಿಯರು ಬ್ಯಾಂಕಿಗೆ ನಡೆದರು. ಶಾಖಾಧಿಕಾರಿಯು ಎದ್ದು ನಿಂತು ಕುರ್ಚಿ ಕೊಟ್ಟ.

“ಸಾವಕಾರ್ರ, ನಿಮ್ಮ ಮ್ಯಾಲೆ ನನಗೇನೂ ಸಂಶಯ ಇಲ್ಲರಿ. ಆದರ ಖಾತೆ ತಡದದ್ದು ನಾನಲ್ಲ. ಮ್ಯಾಲಿಂದ ಅಂಕ ಬಂದೈತಿ.”

“ನನ್ನ ತಪ್ಪು ಏನು ಅಂತ ಬರದಾರು?”

“ತಪ್ಪು ಅಂತ ಬರದಿಲ್ಲರಿ. ಬರೇ ಅಂಕ ಐತಿ.”

ಮುಂದೆ ವಿಚಾರಿಸಿದಾಗ ಎರಡು ಕಾರಣಗಳು ಹೊರಬಿದ್ದವು. ಸೀರೆಯ ಬಾಬತ್ತಿನಲ್ಲಿ ಬಂದ ೧೮,೪೦೦ ರೂಪಾಯಿಗಳ ಒಂದು ಮೊತ್ತವು, ಬೇರೊಂದು ರಾಜ್ಯದಲ್ಲಿ ಯಾರೋ ಮೋಸಹೋಗಿ ಕಳೆದುಕೊಂಡ ಹಣದ ತುಣುಕಾಗಿತ್ತು. ಅದರ ಜೊತೆಗೆ, ಅನೇಕ ಕಡೆಗಳಿಂದ ಅಪರಿಚಿತರ ಹಣ ಬರುವುದು, ಬಂದ ದಿನವೇ ಹೊರಗೆ ಹೋಗುವುದು ಎಂಬ ಈ ಖಾತೆಯ ನಡಾವಳಿಯು ಕಳ್ಳಹಣ ಸಾಗಿಸುವ ಬಾಡಿಗೆ ಖಾತೆಗಳ ನಡಾವಳಿಯನ್ನು ಹೋಲುತ್ತಿತ್ತು. ನೇಕಾರರ ಕೂಲಿಯನ್ನು ಒಂದು ದಿನವೂ ಬಾಕಿ ಇರಿಸಿಕೊಳ್ಳಬಾರದೆಂಬ ಮನೆತನದ ನಿಯಮವೇ ಯಂತ್ರದ ಕಣ್ಣಿಗೆ ಅಪರಾಧದ ಲಕ್ಷಣವಾಗಿ ಕಂಡಿತು.

ಬಿಲ್ಲು, ಕಿರ್ದಿ, ಜಿಎಸ್‌ಟಿ ಕಾಗದಗಳು, ಬಟವಡೆಯ ಸಹಿಗಳು ಎಲ್ಲವನ್ನೂ ಒಪ್ಪಿಸಿದರು. ಹನ್ನೊಂದನೆಯ ದಿನ ಖಾತೆ ಬಿಡುಗಡೆಯಾಯಿತು. ವಿವಾದಕ್ಕೆ ಒಳಗಾದ ೧೮,೪೦೦ ರೂಪಾಯಿಗಳನ್ನು ಮಾತ್ರ ತಡೆಹಿಡಿಯಲಾಯಿತು. ಆ ನಡುವೆ ಒಂದು ವಾರದ ಬಟವಡೆ ತಪ್ಪಿತು. ಕೈಸಾಲ ಮಾಡಿ ಅರ್ಧ ಕೂಲಿ ಕೊಡುತ್ತ ಹಿರಿಯರು ನೇಕಾರನೊಬ್ಬನ ಮುಂದೆ ತಮ್ಮ ಸಂಕಟ ತೋಡಿಕೊಂಡರು. ಕಾರಣ ಹೇಳದೆ, ಕೇಳುವವರಿಲ್ಲದೆ, ಕಳ್ಳನ ಸಾಲಿನಲ್ಲಿ ನಿಲ್ಲಿಸಿದರಲ್ಲ ಎಂದರು. ಅವನು ತಲೆ ತಗ್ಗಿಸಿಕೊಂಡೇ ನುಡಿದ:

“ಇರಲಿ ಬಿಡ್ರಿ ಅಣ್ಣಾರ. ನಿಮಗ ಹನ್ನೊಂದು ದಿನ ಆತು. ನಿಮ್ಮ ಖಾತಾದಾಗ ನಾ ಹಿಂಗ ಹನ್ನೊಂದು ವರ್ಷ ಅದೀನಿ.”

ಆ ಮಾತಿನ ಅರ್ಥವನ್ನು ಮುಂದೆ ನೋಡಬಹುದು. ಮೊದಲು ಯಂತ್ರದ ನ್ಯಾಯವನ್ನು ನ್ಯಾಯವಾಗಿಯೇ ವಿಚಾರಿಸುವುದು ಅಗತ್ಯ.

ಅಂಕ ಹುಟ್ಟುವ ಬಗೆ

ಕ್ರೆಡಿಟ್ ಕಾರ್ಡುಗಳ ಮೋಸವನ್ನು ಹಿಡಿಯಲು ಅಮೆರಿಕದಲ್ಲಿ ೧೯೯೨ರಲ್ಲಿ ಬಳಕೆಗೆ ಬಂದ ಫಾಲ್ಕನ್ ಎಂಬ ವ್ಯವಸ್ಥೆಯು ಈ ಮಾರ್ಗದ ಆರಂಭದ ಹೆಜ್ಜೆಗಳಲ್ಲಿ ಒಂದು. ಹಿಂದೆ ನಡೆದ ಲಕ್ಷಾಂತರ ವ್ಯವಹಾರಗಳನ್ನು, ಅವುಗಳಲ್ಲಿ ಮೋಸವೆಂದು ಸಾಬೀತಾದವುಗಳನ್ನು ಯಂತ್ರಕ್ಕೆ ತೋರಿಸಲಾಗುತ್ತದೆ. ಮೋಸದ ವ್ಯವಹಾರಗಳಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣಗಳು ಕೂಡಿಬರುತ್ತವೆಂಬುದನ್ನು ಯಂತ್ರವು ಗುರುತಿಸಿಕೊಳ್ಳುತ್ತದೆ. ಆಮೇಲೆ ಹೊಸದೊಂದು ವ್ಯವಹಾರ ಬಂದಾಗ ಅದು ಆ ಲಕ್ಷಣಗಳಿಗೆ ಎಷ್ಟು ಸಮೀಪವೆಂದು ಅಳೆದು ಅಂಕ ಕೊಡುತ್ತದೆ. ಮೊತ್ತ ಆ ಮನುಷ್ಯನ ವಾಡಿಕೆಗೆ ಮೀರಿದ್ದೇ? ಹೊತ್ತಲ್ಲದ ಹೊತ್ತೇ? ಹಣ ಪಡೆಯುವವನು ಹೊಸಬನೇ? ದೂರವಾಣಿ ಯಂತ್ರ ಅಥವಾ ಸಿಮ್ ಮೊನ್ನೆ ಮೊನ್ನೆ ಬದಲಾಗಿದೆಯೇ? ಖಾತೆ ತೆರೆದು ಎಷ್ಟು ದಿನವಾಯಿತು? ಇಂತಹ ಅನೇಕ ಪ್ರಶ್ನೆಗಳ ಮೊತ್ತವೇ ಆ ಅಂಕ. ಕಡಿಮೆ ಇದ್ದರೆ ಹಣ ಸಾಗುತ್ತದೆ, ನಡುವೆ ಇದ್ದರೆ ಇನ್ನೊಂದು ಗುರುತು ಕೇಳುತ್ತದೆ, ಹೆಚ್ಚಿದ್ದರೆ ತಡೆಯುತ್ತದೆ.

ಭಾರತದಲ್ಲಿ ಈ ಕಾರ್ಯ ಈಚಿನ ವರ್ಷಗಳಲ್ಲಿ ಬಹಳ ವೇಗವಾಗಿ ಸಾಗಿದೆ. ಬಾಡಿಗೆ ಖಾತೆಗಳನ್ನು ಪತ್ತೆ ಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ಸಂಸ್ಥೆಯು ಮ್ಯೂಲ್‌ಹಂಟರ್ ಎಂಬ ಸಾಧನವನ್ನು ಸಿದ್ಧಪಡಿಸಿದ್ದನ್ನು ರಿಸರ್ವ್ ಬ್ಯಾಂಕು ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿತು. ೨೦೨೫ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆಯು ಹಣಕಾಸು ವಂಚನೆಯ ಅಪಾಯ ಸೂಚಿಯನ್ನು ಹೊರತಂದು, ಸಂಶಯಕ್ಕೆ ಒಳಗಾದ ದೂರವಾಣಿ ಸಂಖ್ಯೆಗಳನ್ನು ಮಧ್ಯಮ, ಹೆಚ್ಚು, ಅತಿಹೆಚ್ಚು ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಿತು. ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕುಗಳೆಲ್ಲ ಅದನ್ನು ಬಳಸಬೇಕೆಂದು ರಿಸರ್ವ್ ಬ್ಯಾಂಕು ೨೦೨೫ರ ಜೂನ್ ೩೦ರಂದು ಸಲಹೆ ನೀಡಿತು. ಎಂದ ಮೇಲೆ ಹಳ್ಳಿಯ ಪತ್ತಿನ ವ್ಯವಹಾರವೂ ಅಂಕದ ನೆರಳಿನಿಂದ ಹೊರತಲ್ಲ.

ಇದರಿಂದ ಆಗುವ ಉಪಕಾರವನ್ನು ಮರೆಯುವುದು ಕೃತಘ್ನತೆ. ವಿಜಯಪುರದ ತರುಣನೊಬ್ಬನಿಗೆ ಪೊಲೀಸರ ವೇಷದ ವಂಚಕ ಕರೆ ಮಾಡಿ ಬೆದರಿಸಿದ ಸಂಭಾಷಣೆಯನ್ನು ಪ್ರಧಾನಮಂತ್ರಿಗಳು ೨೦೨೪ರ ಅಕ್ಟೋಬರ್ ೨೭ರ ಆಕಾಶವಾಣಿ ಭಾಷಣದಲ್ಲಿ ಇಡೀ ದೇಶಕ್ಕೆ ಕೇಳಿಸಿದರು. ಆ ತರುಣ ಎಚ್ಚರವಾಗಿದ್ದ. ಎಲ್ಲರಿಗೂ ಆ ಎಚ್ಚರ ಇರುವುದಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ೨೦೨೫ರಲ್ಲಿ ಇಂತಹ ಕಿರುಕುಳ ತಾಳಲಾರದೆ ವೃದ್ಧ ದಂಪತಿಗಳು ಪ್ರಾಣವನ್ನೇ ಕಳೆದುಕೊಂಡರು. ತೇರದಾಳದ ಅದೇ ಬ್ಯಾಂಕು ಶಾಖೆಯಲ್ಲಿ, ವಸ್ತ್ರವ್ಯಾಪಾರಿಯ ಖಾತೆ ಬಿಡುಗಡೆಯಾದ ಮರುತಿಂಗಳು, ನಿವೃತ್ತ ಶಿಕ್ಷಕಿಯೊಬ್ಬರು ಠೇವಣಿ ಮುರಿಸಿ ಗುರುತಿಲ್ಲದ ಖಾತೆಗೆ ಹಣ ಕಳುಹಿಸಲು ಬಂದರು. ಯಂತ್ರ ಅದನ್ನು ತಡೆಯಿತು. ಶಾಖಾಧಿಕಾರಿ ಅವರನ್ನು ಒಳಗೆ ಕರೆದು ಕೂಡಿಸಿ, ನೀರು ಕೊಟ್ಟು, ಯಾರ ಕರೆ ಬಂದಿತ್ತೆಂದು ಕೇಳಿದ. ಆ ತಾಯಿ ಎರಡು ದಿನಗಳಿಂದ ಮನೆಯಲ್ಲಿ ಯಾರೊಂದಿಗೂ ಮಾತನಾಡದೆ ಹೆದರಿಕೊಂಡಿದ್ದರು. ಹಣ ಉಳಿಯಿತು, ಜೀವವೂ ಉಳಿಯಿತು.

ಒಂದೇ ಯಂತ್ರ, ಒಂದೇ ಶಾಖೆ. ಒಬ್ಬರಿಗೆ ರಕ್ಷಣೆ, ಇನ್ನೊಬ್ಬರಿಗೆ ಶಿಕ್ಷೆ. ವ್ಯತ್ಯಾಸ ಎಲ್ಲಿದೆ? ಶಿಕ್ಷಕಿಯ ವಿಷಯದಲ್ಲಿ ಅಂಕ ಬಂದೊಡನೆ ಒಬ್ಬ ಮನುಷ್ಯ ಎದ್ದು ಬಂದು ಕೇಳಿದ. ವ್ಯಾಪಾರಿಯ ವಿಷಯದಲ್ಲಿ ಅಂಕವೇ ಕೊನೆಯ ಮಾತಾಯಿತು.

ಲೆಕ್ಕದ ಒಂದು ಸತ್ಯ

ನೂರಕ್ಕೆ ತೊಂಬತ್ತೊಂಬತ್ತು ಪಾಲು ಸರಿಯಾಗಿ ಹೇಳುವ ಯಂತ್ರವೆಂದರೆ ಜನ ಬೆರಗಾಗುತ್ತಾರೆ. ವ್ಯಾಪಾರಿಗಳು ಈ ಮಾತನ್ನು ಲೆಕ್ಕಹಾಕಿ ನೋಡುವುದು ಒಳ್ಳೆಯದು. ಉದಾಹರಣೆಗಾಗಿ ಹತ್ತು ಲಕ್ಷ ವ್ಯವಹಾರಗಳಲ್ಲಿ ನೂರು ಮಾತ್ರ ಮೋಸದವು ಎಂದಿಟ್ಟುಕೊಳ್ಳೋಣ. ಯಂತ್ರವು ಆ ನೂರರಲ್ಲಿ ೯೫ನ್ನು ಹಿಡಿಯುತ್ತದೆ; ಪ್ರಾಮಾಣಿಕ ವ್ಯವಹಾರಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ತಡೆಯುತ್ತದೆ. ಪ್ರಾಮಾಣಿಕ ವ್ಯವಹಾರಗಳು ೯,೯೯,೯೦೦. ಅವುಗಳ ನೂರನೆಯ ಒಂದು ಪಾಲು ೯,೯೯೯. ಹೀಗೆ ಒಟ್ಟು ತಡೆದದ್ದು ೧೦,೦೯೪. ಅವುಗಳಲ್ಲಿ ಮೋಸ ೯೫ ಮಾತ್ರ. ಒಬ್ಬ ಕಳ್ಳನನ್ನು ತಡೆಯಲು ನೂರಕ್ಕೂ ಹೆಚ್ಚು ಸಜ್ಜನರನ್ನು ಬಾಗಿಲಲ್ಲಿ ನಿಲ್ಲಿಸಿದಂತಾಯಿತು. ಯಂತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ಲೋಕದಲ್ಲಿ ಕಳ್ಳರಿಗಿಂತ ಸಜ್ಜನರ ಸಂಖ್ಯೆ ಬಹಳ ದೊಡ್ಡದು ಎಂಬುದೇ ಇದರ ಕಾರಣ.

ಈ ಲೆಕ್ಕದಿಂದ ಒಂದು ಕರ್ತವ್ಯ ಹುಟ್ಟುತ್ತದೆ. ತಡೆಯಲ್ಪಟ್ಟವರಲ್ಲಿ ಹೆಚ್ಚಿನವರು ನಿರಪರಾಧಿಗಳೆಂದು ಮೊದಲೇ ಗೊತ್ತಿರುವಾಗ, ತಡೆಯು ಶಿಕ್ಷೆಯಂತಿರಬಾರದು, ವಿಚಾರಣೆಯಂತಿರಬೇಕು. ಐದು ನಿಮಿಷದ ತಡೆ, ಒಂದು ದೂರವಾಣಿ ಕರೆ, ಇನ್ನೊಂದು ಗುರುತಿನ ಕೋರಿಕೆ, ಇವುಗಳಿಂದ ಸಜ್ಜನನಿಗೆ ಆಗುವ ನೋವು ಅಲ್ಪ. ಇಡೀ ಖಾತೆಯನ್ನೇ ಕಾರಣ ಹೇಳದೆ ದಿನಗಟ್ಟಲೆ ಮುಚ್ಚುವುದು ಬೇರೆ ಮಾತು. ೨೦೨೩ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಇಂತಹ ಖಾತೆದಾರರ ಅರ್ಜಿಗಳನ್ನು ವಿಚಾರಿಸಿ, ಸಂಶಯಕ್ಕೆ ಒಳಗಾದ ಮೊತ್ತಕ್ಕೆ ಮಾತ್ರ ತಡೆಯನ್ನು ಸೀಮಿತಗೊಳಿಸಬೇಕೆಂಬ ನಿಲುವನ್ನು ತಳೆಯಿತು. ತುಪ್ಪದ ಕೊಡದಲ್ಲಿ ಒಂದು ಇರುವೆ ಬಿದ್ದರೆ ಇರುವೆಯನ್ನು ತೆಗೆಯಬೇಕು. ಕೊಡವನ್ನು ಬೀದಿಗೆ ಚೆಲ್ಲಬಾರದು.

ಅಂಕವನ್ನು ಕುರುಡಾಗಿ ನಂಬಿದರೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ನೆದರ್‌ಲ್ಯಾಂಡ್ಸ್ ದೇಶದ ದೃಷ್ಟಾಂತವಿದೆ. ಮಕ್ಕಳ ಪಾಲನೆಗೆ ಸರ್ಕಾರ ಕೊಡುವ ನೆರವಿನಲ್ಲಿ ಮೋಸ ಹಿಡಿಯಲು ಅಲ್ಲಿನ ತೆರಿಗೆ ಇಲಾಖೆಯು ಅಪಾಯದ ಅಂಕವನ್ನು ಬಳಸಿತು. ಪರದೇಶದ ಪೌರತ್ವವೂ ಅಂಕವನ್ನು ಏರಿಸುವ ಲಕ್ಷಣಗಳಲ್ಲಿ ಸೇರಿತ್ತು. ಸಾವಿರಾರು ಕುಟುಂಬಗಳು ಮಾಡದ ತಪ್ಪಿಗೆ ಹಣ ಮರಳಿಸಬೇಕಾಗಿ ಬಂದು ಸಾಲದಲ್ಲಿ ಮುಳುಗಿದವು. ೨೦೨೧ರ ಜನವರಿ ೧೫ರಂದು ಆ ದೇಶದ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಯಂತ್ರ ಸುಳ್ಳು ಹೇಳಲಿಲ್ಲ. ತನಗೆ ಕಲಿಸಿದ ಪೂರ್ವಗ್ರಹವನ್ನು ತಪ್ಪದೆ ಒಪ್ಪಿಸಿತು.

ಹುಂಡಿಯ ಕಾಲದ ವಿವೇಕ

ಅಪರಿಚಿತನ ಕೈಯಲ್ಲಿ ಹಣ ಸಾಗುವ ಅಪಾಯ ಈ ಕಾಲಕ್ಕೆ ಹೊಸದಲ್ಲ. ಹುಂಡಿಯ ಕಾಲದಲ್ಲಿ ಶಾಹಜೋಗ ಹುಂಡಿ ಎಂಬ ಬಗೆಯೊಂದಿತ್ತು. ಅದರ ಹಣವನ್ನು ತಂದವರಿಗೆಲ್ಲ ಕೊಡುವಂತಿರಲಿಲ್ಲ. ಪೇಟೆಯಲ್ಲಿ ಪ್ರತಿಷ್ಠೆಯುಳ್ಳ ಶಾಹನಿಗೆ, ಇಲ್ಲವೆ ಅವನ ಮೂಲಕ, ಮಾತ್ರ ಕೊಡಬೇಕು. ಆ ಹುಂಡಿ ಕಳವಿನದೋ ಖೊಟ್ಟಿಯದೋ ಎಂದು ಮುಂದೆ ತಿಳಿದುಬಂದರೆ ಹಣ ಪಡೆದ ಶಾಹನು ಅದನ್ನು ಮರಳಿಸಬೇಕಾಗಿತ್ತು. ಹುಂಡಿ ಕಳೆದುಹೋದರೆ ಪೈಠ, ಪರಪೈಠ ಎಂದು ಎರಡನೆಯ, ಮೂರನೆಯ ಪ್ರತಿಗಳನ್ನು ಬರೆದುಕೊಡುವ ಕ್ರಮವೂ ಇತ್ತು. ಮೋಸದ ಭಯ, ಪಡೆಯುವವನ ಪರೀಕ್ಷೆ, ತಪ್ಪಿದರೆ ಪರಿಹಾರ, ಮೂರನ್ನೂ ಹಿರಿಯರು ವ್ಯವಸ್ಥೆಯೊಳಗೇ ಇರಿಸಿದ್ದರು.

ಆ ವ್ಯವಸ್ಥೆಯ ಜೀವಾಳ ಹೊಣೆಗಾರಿಕೆ. ಶಾಹನ ಮುಖ ಎಲ್ಲರಿಗೂ ಗೊತ್ತಿತ್ತು. ಸಂಶಯಪಟ್ಟವನೂ ಎದುರಿಗಿದ್ದ, ಸಂಶಯಕ್ಕೆ ಒಳಗಾದವನೂ ಎದುರಿಗಿದ್ದ. ಇಂದಿನ ಅಂಕಪದ್ಧತಿಯಲ್ಲಿ ಪರೀಕ್ಷೆ ಉಳಿಯಿತು, ಮುಖ ಮಾಯವಾಯಿತು. ರಿಸರ್ವ್ ಬ್ಯಾಂಕು ನೇಮಿಸಿದ ಸಮಿತಿಯೊಂದು ೨೦೨೫ರ ಆಗಸ್ಟಿನಲ್ಲಿ ಹಣಕಾಸು ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ಏಳು ಸೂತ್ರಗಳನ್ನು ಹೇಳಿದಾಗ, ಅವುಗಳಲ್ಲಿ ವಿಶ್ವಾಸ, ಸಮತೆ, ಉತ್ತರದಾಯಿತ್ವ, ಅರ್ಥವಾಗುವಂತಿರುವಿಕೆ ಎಂಬ ತತ್ತ್ವಗಳನ್ನು ಸೇರಿಸಿತು. ಹುಂಡಿಯ ಪೇಟೆ ಬಲ್ಲವರಿಗೆ ಇವು ಪರಿಚಿತ ಮಾತುಗಳೇ.

ಅತಿಚಾರಗಳ ಬೆಳಕಿನಲ್ಲಿ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಣುವ್ರತಗಳ ಅತಿಚಾರಗಳನ್ನು ಎಣಿಸುತ್ತದೆ. ಅಚೌರ್ಯವ್ರತಕ್ಕೆ ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ ಎಂಬ ಐದು ದೋಷಗಳನ್ನು ಅಲ್ಲಿ ಹೇಳಿದೆ. ಕಳ್ಳನಿಗೆ ನೆರವಾಗುವುದು ಮೊದಲನೆಯದು. ಕದ್ದುದನ್ನು ಸ್ವೀಕರಿಸುವುದು ಎರಡನೆಯದು. ಇಂದು ನಗರಗಳಲ್ಲಿ ಓದುವ ತರುಣರನ್ನು ಹುಡುಕಿ, ತಿಂಗಳಿಗೆ ಇಷ್ಟೆಂದು ದುಡ್ಡು ಕೊಟ್ಟು, ಅವರ ಖಾತೆ, ಕಾರ್ಡು, ಸಿಮ್‌ಗಳನ್ನು ಬಾಡಿಗೆಗೆ ಪಡೆಯುವ ಜಾಲಗಳಿವೆ. ‘ನಾನೇನೂ ಕದಿಯಲಿಲ್ಲ, ಖಾತೆ ಮಾತ್ರ ಕೊಟ್ಟೆ’ ಎನ್ನುವ ಹುಡುಗ ಈ ಎರಡು ದೋಷಗಳಿಗೂ ಒಂದೇ ಸಲಕ್ಕೆ ಗುರಿಯಾಗುತ್ತಾನೆ. ಬಾಡಿಗೆ ಖಾತೆಗೆ ಇದಕ್ಕಿಂತ ಖಚಿತವಾದ ವ್ಯಾಖ್ಯೆ ಯಾವ ಕಾನೂನಿನಲ್ಲಿದೆ?

ಸತ್ಯವ್ರತದ ಅತಿಚಾರಗಳತ್ತ ತಿರುಗಿದರೆ ವಂಚಕನ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹದ ಸೃಷ್ಟಿ, ಕಾಣಿಸುತ್ತದೆ. ಅದೇ ಪಟ್ಟಿಯಲ್ಲಿ ಇಟ್ಟ ಠೇವಣಿಯನ್ನು ಅಪಹರಿಸುವ ನ್ಯಾಸಾಪಹಾರವಿದೆ. ಪರರ ಗುಟ್ಟನ್ನು ಹೊರಗೆಡಹುವ ಸಾಕಾರಮಂತ್ರಭೇದವಿದೆ. ಈ ಕೊನೆಯ ಎರಡು ವಂಚಕನನ್ನು ಮಾತ್ರವಲ್ಲ, ಅಂಕ ಕೊಡುವವರನ್ನೂ ಎಚ್ಚರಿಸುತ್ತವೆ. ಜನರ ನಡೆ, ಖರ್ಚು, ಇರುವ ಸ್ಥಳ ಇವುಗಳ ವಿವರ ಬ್ಯಾಂಕಿನಲ್ಲಿ ಇಟ್ಟ ಠೇವಣಿಯಂತೆಯೇ. ರಕ್ಷಣೆಗೆಂದು ಪಡೆದ ವಿವರವನ್ನು ಮಾರಾಟಕ್ಕೆ ಬಳಸಿದರೆ ಅದು ನ್ಯಾಸದ ಅಪಹಾರ. ಕಳ್ಳನನ್ನು ಹಿಡಿಯುವ ನೆವದಲ್ಲಿ ಕಾಯುವವನೇ ಅತಿಚಾರಿಯಾಗಬಾರದು.

ಜೈನ ನ್ಯಾಯವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಛದ್ಮಸ್ಥನ ಜ್ಞಾನವೆಲ್ಲ ಯಾವುದೋ ಒಂದು ನಯದಿಂದ ಕಂಡದ್ದು. ಅಂಕವೂ ಒಂದು ನಯವೇ. ‘ಈ ಖಾತೆ ಕಳ್ಳನದು’ ಎಂಬುದು ಏಕಾಂತ; ‘ಇಂತಿಂತಹ ಲಕ್ಷಣಗಳ ದೃಷ್ಟಿಯಿಂದ ಈ ಖಾತೆ ಕಳ್ಳಖಾತೆಯನ್ನು ಹೋಲುತ್ತದೆ’ ಎಂಬುದು ಸ್ಯಾದ್ವಾದ. ಯಂತ್ರ ಹೇಳುವುದು ಎರಡನೆಯ ಮಾತನ್ನು. ಅದನ್ನು ಮೊದಲನೆಯ ಮಾತಾಗಿ ಓದುವವನು ಮನುಷ್ಯ. ಎಚ್ಚರಗೇಡಿತನದಿಂದ ಪರರಿಗೆ ಆಗುವ ನೋವನ್ನು ಹಿಂಸೆಯೆಂದೇ ಎಣಿಸಿದ ಧರ್ಮದಲ್ಲಿ, ಓದುವಾಗಿನ ಈ ಪ್ರಮಾದಕ್ಕೆ ಕ್ಷಮೆಯಿಲ್ಲ.

ಬಸದಿಯ ಆಡಳಿತದವರು ಗಮನಿಸಬೇಕಾದುದು

ದೇವದ್ರವ್ಯವನ್ನು ಕಾಯುವ ಟ್ರಸ್ಟುಗಳಿಗೆ ಇಲ್ಲಿ ವಿಶೇಷ ಹೊಣೆಯಿದೆ. ಕಾಣಿಕೆಯ ಖಾತೆ ಟ್ರಸ್ಟಿನ ಹೆಸರಿನಲ್ಲಿಯೇ ಇರಲಿ. ಅನುಕೂಲಕ್ಕೆಂದು ಯಾವ ಸದಸ್ಯರ ಸ್ವಂತ ಖಾತೆಯನ್ನೂ ಬಳಸದಿರಲಿ. ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ಬೇರೊಬ್ಬರು ತಮ್ಮ ಚೀಟಿ ಅಂಟಿಸಿಲ್ಲವೆಂದು ಪ್ರತಿದಿನ ನೋಡಲಿ. ಹಣ ಕಳುಹಿಸುವ ಮೊದಲು ಪರದೆಯ ಮೇಲೆ ಮೂಡುವ ಹೆಸರನ್ನು ಓದುವಂತೆ ಭಕ್ತರಿಗೆ ಫಲಕ ಹಾಕಲಿ. ಗುರುತಿಲ್ಲದವರು ದೊಡ್ಡ ಕಾಣಿಕೆ ಕಳುಹಿಸಿ, ತಪ್ಪಿ ಬಂದಿತೆಂದು ಅದರಲ್ಲಿ ಕೆಲಭಾಗವನ್ನು ಬೇರೆ ಖಾತೆಗೆ ಮರಳಿಸಲು ಕೇಳಿದರೆ, ನೇರವಾಗಿ ಕಳುಹಿಸದೆ ಬ್ಯಾಂಕಿನ ಮೂಲಕವೇ ವ್ಯವಹರಿಸಲಿ. ಪಂಚಕಲ್ಯಾಣದಂತಹ ಉತ್ಸವಗಳಲ್ಲಿ ಅನೇಕ ಊರುಗಳಿಂದ ಒಮ್ಮೆಲೇ ಹಣ ಬರುವುದು ಸಹಜ. ಅದು ಯಂತ್ರಕ್ಕೆ ಅಸಹಜವಾಗಿ ಕಾಣುವುದೂ ಸಹಜ. ಉತ್ಸವಕ್ಕೆ ಮುಂಚೆ ಬ್ಯಾಂಕಿಗೆ ಒಂದು ಪತ್ರ ಬರೆದು ತಿಳಿಸಿದರೆ ಅರ್ಧ ತೊಂದರೆ ತಪ್ಪೀತು.

ಮೋಸವಾದರೆ ನಾಚಿ ಮುಚ್ಚಿಡಬಾರದು. ೧೯೩೦ ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು; ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಿಳಿಸಿದರೆ ಅದನ್ನು ತಡೆಯಲು ಹೆಚ್ಚು ಅವಕಾಶ. ಖಾತೆಯನ್ನೇ ತಡೆದರೆ ಕಾರಣವನ್ನು ಬರಹದಲ್ಲಿ ಕೇಳಬೇಕು, ದಾಖಲೆಗಳನ್ನು ಬರಹದಲ್ಲಿಯೇ ಒಪ್ಪಿಸಬೇಕು. ಬ್ಯಾಂಕು ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಲ್ಲಿ ದೂರು ಕೊಡುವ ದಾರಿಯಿದೆ. ಸಹಕಾರಿ ಪತ್ತಿನ ಸಂಘಗಳ ಆಡಳಿತದಲ್ಲಿ ಕುಳಿತ ಧರ್ಮಬಂಧುಗಳು ಮೂರು ನಿಯಮಗಳನ್ನು ಪಾಲಿಸುವುದು ಯೋಗ್ಯ: ತಡೆಗೆ ಕಾರಣ ಹೇಳುವುದು, ಹೇಳಿಕೆ ಕೇಳಲು ಒಬ್ಬ ಮನುಷ್ಯನನ್ನು ಇರಿಸುವುದು, ಹಾಕಿದ ಗುರುತಿಗೆ ಅವಧಿಯನ್ನು ಗೊತ್ತುಮಾಡುವುದು.

ಕ್ಷಮಾವಾಣಿಯ ದಿನ

ಈ ಮೂರನೆಯ ನಿಯಮದ ಬಳಿ ನೇಕಾರನ ಮಾತಿಗೆ ಮರಳಬೇಕು.

ವಸ್ತ್ರವ್ಯಾಪಾರಿಯ ತಂದೆ ಖತಾವಣಿ ಪುಸ್ತಕದ ಎಡ ಅಂಚಿನಲ್ಲಿ, ಉದ್ರಿ ತೀರಿಸದವರ ಹೆಸರಿನ ಮುಂದೆ, ಕೆಂಪು ಶಾಯಿಯ ಚುಕ್ಕೆ ಇಡುತ್ತಿದ್ದರು. ಅದೂ ಅಪಾಯದ ಅಂಕವೇ. ಆದರೆ ಅವರು ಚುಕ್ಕೆ ಇಡುವ ದಿನ ಆ ಮನುಷ್ಯನನ್ನು ಕರೆದು ಹೇಳಿಯೇ ಇಡುತ್ತಿದ್ದರು. ದೀಪಾವಳಿಯ ಪಾಡ್ಯಕ್ಕೆ ಹೊಸ ಕಿರ್ದಿ ಪೂಜೆಯಾದ ಮೇಲೆ, ಹಳೆಯ ಪುಸ್ತಕದ ಚುಕ್ಕೆಗಳನ್ನು ಒಂದೊಂದಾಗಿ ನೋಡಿ, ಯಾವುದನ್ನು ಹೊಸದಕ್ಕೆ ಒಯ್ಯಬೇಕು, ಯಾವುದನ್ನು ಬಿಡಬೇಕೆಂದು ತಮ್ಮ ಕೈಯಿಂದಲೇ ಬರೆಯುತ್ತಿದ್ದರು. ಕೈಯಿಂದ ಬರೆಯಬೇಕಾದುದರಿಂದ ಪ್ರತಿವರ್ಷ ಪ್ರತಿ ಚುಕ್ಕೆಗೂ ಒಂದು ಕ್ಷಣದ ವಿಚಾರ ಸಲ್ಲುತ್ತಿತ್ತು.

ಆ ನೇಕಾರನ ತಂದೆ ಹನ್ನೊಂದು ವರ್ಷಗಳ ಹಿಂದೆ ನೂಲಿನ ಬಾಕಿ ಉಳಿಸಿ, ಕಾಯಿಲೆಯಿಂದ ತೀರಿಕೊಂಡಿದ್ದ. ಮಗ ಎರಡು ವರ್ಷಗಳಲ್ಲಿ ಆ ಬಾಕಿಯನ್ನು ತೀರಿಸಿದ. ಅಷ್ಟರಲ್ಲಿ ಅಂಗಡಿಯ ಲೆಕ್ಕ ಗಣಕಯಂತ್ರಕ್ಕೆ ಏರಿತ್ತು. ಕೆಂಪು ಚುಕ್ಕೆ ‘ರೋಖ ಮಾತ್ರ’ ಎಂಬ ಎರಡು ಶಬ್ದಗಳಾಗಿ ಅವನ ಹೆಸರಿನ ಮುಂದೆ ಕುಳಿತಿತು. ಪ್ರತಿ ಹೊಸ ವರ್ಷ ಯಂತ್ರವು ಹಿಂದಿನದನ್ನು ತಾನಾಗಿಯೇ ಮುಂದಕ್ಕೆ ಒಯ್ದಿತು. ಯಾರೂ ಬರೆಯಲಿಲ್ಲ, ಆದುದರಿಂದ ಯಾರೂ ವಿಚಾರಿಸಲಿಲ್ಲ. ಬಾಕಿ ಇಲ್ಲದ ಮನುಷ್ಯ ನೂಲಿಗಾಗಿ ಪ್ರತಿಸಲ ಹೊರಗೆ ಬಡ್ಡಿಗೆ ಸಾಲ ತಂದು, ರೋಖ ಕೊಟ್ಟು ಒಯ್ಯುತ್ತಿದ್ದ. ಕೇಳುವುದು ಮರ್ಯಾದೆಯಲ್ಲವೆಂದು ಅವನು ಕೇಳಲಿಲ್ಲ. ಗೊತ್ತಿಲ್ಲದುದರಿಂದ ಇವರು ಹೇಳಲಿಲ್ಲ.

ಅನಂತ ಚತುರ್ದಶಿ ಮುಗಿದು ಕ್ಷಮಾವಾಣಿಯ ದಿನ ಬಂದಿತು. ಬಸದಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಬೇಡುವುದು ವಾಡಿಕೆ. ಹಿರಿಯರು ಅಂದು ಬಸದಿಯಿಂದ ನೇರವಾಗಿ ಮಗ್ಗದ ಓಣಿಗೆ ಹೋಗಿ, ಆ ನೇಕಾರನ ಮನೆಯ ಕಟ್ಟೆಯ ಮೇಲೆ ಕುಳಿತರು. ಅವನು ಗಾಬರಿಯಾಗಿ ಮಗ್ಗ ನಿಲ್ಲಿಸಿ ಹೊರಗೆ ಬಂದ. “ಕೂಡು ತಮ್ಮಾ, ನನ್ನಿಂದ ತಪ್ಪಾಗೇತಿ” ಎಂದರು. ಅವನಿಗೆ ಮಾತು ಹೊರಡಲಿಲ್ಲ. ಒಳಗೆ ಹೋಗಿ ಚಹಾ ತರಲು ಹೇಳಿದ. ಅಂದಿನಿಂದ ಅವನಿಗೆ ನೂಲು ಉದ್ರಿಯಲ್ಲಿಯೇ ಹೋಗುತ್ತಿದೆ.

ಆ ರಾತ್ರಿ ಅಂಗಡಿಯ ಗಣಕಯಂತ್ರವನ್ನು ತೆರೆಸಿ, ‘ರೋಖ ಮಾತ್ರ’ ಎಂಬ ಗುರುತಿದ್ದ ಹೆಸರುಗಳನ್ನೆಲ್ಲ ಮಗನಿಂದ ಓದಿಸಿದರು. ನಲವತ್ತಮೂರು ಹೆಸರುಗಳಿದ್ದವು. ಅವುಗಳಲ್ಲಿ ಹದಿನೇಳಕ್ಕೆ ಗುರುತು ಏಕೆ ಬಿದ್ದಿತೆಂಬುದು ತಂದೆಗೂ ನೆನಪಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ. ಉಳಿದವುಗಳಲ್ಲಿ ಕೆಲವಕ್ಕೆ ಸಕಾರಣವಿತ್ತು, ಅವನ್ನು ಉಳಿಸಿದರು. ವ್ಯಾಪಾರದಲ್ಲಿ ಎಚ್ಚರ ಬಿಡುವುದು ಧರ್ಮವಲ್ಲ. ಕಾರಣ ಗೊತ್ತಿಲ್ಲದ ಹದಿನೇಳನ್ನು ಅಳಿಸಿದರು. ಇನ್ನು ಮುಂದೆ ಪ್ರತಿ ಪಾಡ್ಯಕ್ಕೆ ಪಟ್ಟಿಯನ್ನು ಕಾಗದದ ಮೇಲೆ ಕೈಯಿಂದ ಬರೆದು ನೋಡಬೇಕೆಂದು ನಿಶ್ಚಯಿಸಿದರು.

ಶ್ರಾವಕನು ನಿತ್ಯವೂ ಪ್ರತಿಕ್ರಮಣ ಮಾಡಿ ತನ್ನ ದೋಷಗಳನ್ನು ನೆನೆಯುತ್ತಾನೆ. ಯಂತ್ರಕ್ಕೆ ಪ್ರತಿಕ್ರಮಣವಿಲ್ಲ. ಆದುದರಿಂದ ಅದನ್ನು ಇಟ್ಟುಕೊಂಡವರು ಅದರ ಪಾಲಿನದನ್ನೂ ಮಾಡಬೇಕಾಗುತ್ತದೆ.